ಅಂಡಾಶಯ, ಅವ್ವನ ಮರೆವು ಮತ್ತು ನಮ್ಮತ್ತಿಗೆ

"ಎಲ್ಲಾ ತೆಗೆದುಬಿಡೋಣ" ಅಂದರು ಡಾಕ್ಟರು, ನನ್ನ ಸ್ಕ್ಯಾನಿಂಗ್ ರಿಪೋರ್ಟಿನಿಂದ ತಲೆಯೆತ್ತದೆ.

ರಾಮನಗರದ ಒಂದು ನರ್ಸಿಂಗ್ ಹೋಮ್. ಎರಡು ಗಂಟೆ ಕಾದು ಒಳಗೆ ಹೋಗಿ ಎರಡು ನಿಮಿಷವಾಗಿತ್ತು. ನನಗಾಗ ನಲವತ್ತಾರು. ಗರ್ಭಕೋಶದಲ್ಲಿ ಗಡ್ಡೆ ಬೆಳೆದು ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತಸ್ರಾವ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಪ್ರಮೇಯದ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಬೋರ್ಡು ಹಿಡಿದು ನಿಲ್ಲಬೇಕಾಗುತ್ತಿತ್ತು. ಗಡ್ಡೆ ತೆಗೆಸುವುದಕ್ಕೆ ನನ್ನ ತಕರಾರೇನೂ ಇರಲಿಲ್ಲ.

"ಎಲ್ಲಾ ಅಂದ್ರೆ ಏನೇನು ಸಾರ್?"

"ಗರ್ಭಕೋಶ, ಜೊತೆಗೆ ಎರಡೂ ಅಂಡಾಶಯ. ಮಕ್ಕಳಾಗಿದೆಯಲ್ಲ, ಇನ್ನು ಇಟ್ಕೊಂಡು ಏನು ಮಾಡ್ತೀರಿ?"

"ಅಂಡಾಶಯದಲ್ಲಿ ಏನಾದ್ರೂ ತೊಂದರೆ ಇದೆಯಾ?"

"ಇಲ್ಲ, ನಾರ್ಮಲ್ ಇದೆ."

"ಮತ್ತೆ ಯಾಕೆ ತೆಗೀಬೇಕು?"

ಆಗ ತಲೆಯೆತ್ತಿದರು. ನೋಡಿದ್ದು ನನ್ನನ್ನಲ್ಲ, ಪಕ್ಕದಲ್ಲಿದ್ದ ನಮ್ಮನೆಯವರನ್ನು. "ಏನ್ ಸಾರ್, ಮೇಡಂ ಮೊಬೈಲ್‌ನಲ್ಲಿ ತುಂಬಾ ಓದ್ತಾರಾ?"

ನಮ್ಮನೆಯವರು ನಕ್ಕರು. ಮೊಬೈಲಿನಲ್ಲಿ ಓದಿದ್ದು ನಿಜ. ಆದರೆ ಓದುವುದಕ್ಕೆ ಮುಂಚೆ ಕಣ್ಣಾರೆ ನೋಡಿದ್ದೆ. ನಮ್ಮವ್ವನನ್ನು ನೋಡಿದ್ದೆ.

ಅವ್ವ ಇರುವುದು ಹೊಂಗನೂರಿನಲ್ಲಿ, ಅಣ್ಣ ಅತ್ತಿಗೆಯ ಜೊತೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಹುಳದ ಮನೆಯ ಬಾಗಿಲು ತೆಗೆದ ಕೂಡಲೇ ಬರುವ ವಾಸನೆಯಲ್ಲೇ ಒಳಗೆ ರೋಗ ಬಿದ್ದಿದೆಯೋ ಇಲ್ಲವೋ ಹೇಳುತ್ತಿದ್ದಳು. ಅರವತ್ತಮೂರು ದಾಟುವಾಗ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿನ ಹಾಲು. ಆಮೇಲೆ ಅಕ್ಕಪಕ್ಕದವರ ಹೆಸರು. ಒಂದು ಮಧ್ಯಾಹ್ನ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ಹಾಕಿ, ಮತ್ತೊಂದು ಸಲ ಹಾಕಿ, ಹುಳಗಳೆಲ್ಲ ಸೊಪ್ಪಿನಡಿ ಉಸಿರುಗಟ್ಟಿ ಸತ್ತವು. ಅಣ್ಣ ರೇಗಿದ. ಅವ್ವ ಅವನ ಮುಖವನ್ನೇ ನೋಡುತ್ತ, "ನೀ ಯಾರ್ ಮಗನಪ್ಪ, ಇಷ್ಟೊಂದು ಕೂಗಾಡ್ತೀಯಲ್ಲ?" ಅಂದಳು.

ಆಮೇಲೆ ಊರಿನವರೆಲ್ಲ ಡಾಕ್ಟರಾದರು. ಒಂದೆಲಗದ ಚಟ್ನಿ ತಿನ್ನಿಸಿ ಅಂದರು. ಬಾದಾಮಿ ನೆನೆಹಾಕಿ ಅಂದರು. ತಲೆಗೆ ಎಣ್ಣೆ ಒತ್ತಿ ಅಂದರು, ಯಾರೋ ಮದ್ದು ಇಟ್ಟಿದ್ದಾರೆ ಅಂದರು. ಒಂದು ವರ್ಷ ಇದರಲ್ಲೇ ಕಳೆಯಿತು. ಕೊನೆಗೆ ನಾನೇ ಜಗಳವಾಡಿ, ಅಣ್ಣನನ್ನೂ ಕರೆದುಕೊಂಡು ಅವ್ವನನ್ನು ಬೆಂಗಳೂರಿನ ನರರೋಗದ ಆಸ್ಪತ್ರೆಗೆ ತೋರಿಸಿದೆ.

ಅಲ್ಲಿ ವಿವರ ಬರೆದುಕೊಂಡದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. "ಇತ್ತೀಚೆಗೆ ಜ್ವರ ಬಂದಿತ್ತಾ ಅಜ್ಜಿ?" ಅಂತ ಕೇಳಿದರು.

"ಮೂರ್ನೇ ಜ್ವರ ಎದ್ದೈತೆ ಕಣವ್ವ" ಅಂದಳು ಅವ್ವ ಗಂಭೀರವಾಗಿ. "ನಾಳೀಕೆ ಸೊಪ್ಪು ಜಾಸ್ತಿ ಬೇಕು."

ಅವರು ಮೂರು ಸಲ ಜ್ವರ ಅಂತ ಬರೆದೇಬಿಟ್ಟರು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ, ಇವಳಿಗೆ ಯಾವ ಜ್ವರವೂ ಬಂದಿಲ್ಲ ಅಂತ ವಿವರಿಸಿ ಅದನ್ನು ಹೊಡೆದುಹಾಕಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮುಂದಿನ ಪ್ರಶ್ನೆ: "ಮುಟ್ಟು ನಿಂತಿದ್ದು ಯಾವ ವಯಸ್ಸಿಗೆ?"

ಅಣ್ಣ ಕೆಮ್ಮಿ ಎದ್ದು ಹೊರಗೆ ಹೋದ. ಮೂವತ್ತೇಳಕ್ಕೆ ಗರ್ಭಕೋಶ ತೆಗೆಸಿದ್ದರು ಅಂದೆ. ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. "ಅಂಡಾಶಯಾನೂ ತೆಗೆದಿದ್ರಾ?"

"ಗೊತ್ತಿಲ್ಲ. ಅದಕ್ಕೂ ಮರೆವಿಗೂ ಏನು ಸಂಬಂಧ?"

"ಇರಬಹುದು ಅಂತಾರೆ. ಅಂಡಾಶಯದಿಂದ ಬರೋ ಈಸ್ಟ್ರೋಜೆನ್ ಹಾರ್ಮೋನು ಬರೀ ಮುಟ್ಟು ಬಸಿರಿಗಲ್ಲ, ಮೆದುಳಿಗೂ ಬೇಕು. ಚಿಕ್ಕ ವಯಸ್ಸಿನಲ್ಲಿ ಅದು ಒಂದೇ ಸಲಕ್ಕೆ ನಿಂತುಹೋದರೆ, ಮುಂದೆ ಆಲ್ಝೈಮರ್ ಬರೋ ಅಪಾಯ ಸ್ವಲ್ಪ ಜಾಸ್ತಿ ಅಂತ ಕಂಡುಬಂದಿದೆ. ಎಲ್ಲರಿಗೂ ಬರುತ್ತೆ ಅಂತಲ್ಲ."

ಅವ್ವನಿಗೆ ಬಂದಿದ್ದುದು ಅದೇ ಕಾಯಿಲೆ. ಮಾತ್ರೆ ಬರೆದುಕೊಟ್ಟರು, ವಾಸಿಯಾಗುವುದಿಲ್ಲ, ಒಂದಷ್ಟು ನಿಧಾನ ಮಾಡಬಹುದು ಅಂದರು. ವಾಪಸು ಬರುವಾಗ ನನಗೆ ಆ ಒಂದು ಪ್ರಶ್ನೆ, ಅಂಡಾಶಯಾನೂ ತೆಗೆದಿದ್ರಾ ಅನ್ನುವುದು, ತಲೆಯಲ್ಲಿ ಕೂತುಬಿಟ್ಟಿತು.

ಅವ್ವನ ಆಪರೇಷನ್ ಆದ ವರ್ಷ ನಾನು ಎಸ್ಸೆಸ್ಸೆಲ್ಸಿ. ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಎದ್ದರೆ ಅವ್ವ ಸೆರಗು ತೆಗೆದು ಜಗಲಿಯ ಮೇಲೆ ಬೀಸಣಿಗೆ ಹಿಡಿದು ಕೂತಿರುತ್ತಿದ್ದಳು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿರುತ್ತಿತ್ತು. ಕಾರಣವಿಲ್ಲದೆ ಅಳುವಳು. ಉಪ್ಪಿನ ಡಬ್ಬ ಸಿಗದಿದ್ದರೆ ತಟ್ಟೆ ಎಸೆಯುವಳು. ಅಜ್ಜಿ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು. ಅಪ್ಪ ಹುಳದ ಮನೆಯಲ್ಲೇ ಇದ್ದುಬಿಟ್ಟರು. ನಾನು? ಪರೀಕ್ಷೆಗೆ ಓದುವವಳಿಗೆ ಇವಳ ಕಾಟ ಅಂತ ಅವ್ವನ ಜೊತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಮೂವತ್ತೇಳು ವರ್ಷದ ಹೆಂಗಸಿನ ಮೈಯಿಂದ ಒಂದೇ ಮಧ್ಯಾಹ್ನಕ್ಕೆ ಹಾರ್ಮೋನು ಕಿತ್ತುಕೊಂಡರೆ ಹೀಗಾಗುತ್ತದೆ ಅಂತ ನಮಗೆ ಹೇಳುವವರು ಒಬ್ಬರೂ ಇರಲಿಲ್ಲ.

ಈಗ ರಾಮನಗರದ ಡಾಕ್ಟರು ಅದೇ ಕೆಲಸವನ್ನು, ಅಷ್ಟೇ ಸಲೀಸಾಗಿ, ನನಗೂ ಮಾಡಲು ಹೊರಟಿದ್ದರು. ಇಟ್ಕೊಂಡು ಏನು ಮಾಡ್ತೀರಿ. ಬೇಡದ ಹಳೇ ಸಾಮಾನು ಗುಜರಿಗೆ ಹಾಕುವ ಹಾಗೆ.

ಆಪರೇಷನ್ನಿಗೆ ದಿನ ಗೊತ್ತು ಮಾಡದೆ ಎದ್ದು ಬಂದೆ. ಕಾರಿನಲ್ಲಿ ನಮ್ಮನೆಯವರು, "ಡಾಕ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಅಂದರು. "ನಂಗೇನೂ ಗೊತ್ತಿಲ್ಲ, ಅದಕ್ಕೇ ಕೇಳಿದ್ದು. ಕೇಳಿದ್ದಕ್ಕೆ ಅವರು ನಿಮ್ಮ ಮುಖ ನೋಡಿದ್ದು ಯಾಕೆ?" ಅಂದೆ. ಅವರು ರೇಡಿಯೋ ಹಾಕಿ, ಚನ್ನಪಟ್ಟಣದ ನಮ್ಮ ಮನೆ ತಲುಪುವವರೆಗೆ ಅದರ ಸದ್ದು ಏರಿಸುತ್ತಲೇ ಇದ್ದರು.

ಮೊದಲು ಅವ್ವನ ವಿಷಯ ಇತ್ಯರ್ಥವಾಗಬೇಕು ಅನ್ನಿಸಿತು. ನಿಜವಾಗಿ ಅವಳ ಅಂಡಾಶಯ ತೆಗೆದಿದ್ದರೋ ಇಲ್ಲವೋ? ಭಾನುವಾರ ಹೊಂಗನೂರಿಗೆ ಹೋಗಿ ಅಪ್ಪನ ಕಾಲದ ಟ್ರಂಕು ಇಳಿಸಿದೆ. ಅಪ್ಪ ಹೋಗಿ ಹತ್ತು ವರ್ಷವಾಗಿತ್ತು, ಅವರ ಕಾಗದ ಪತ್ರ ಹಾಗೇ ಇತ್ತು. ಹಸುವಿಗೆ ಲಸಿಕೆ ಹಾಕಿಸಿದ ಚೀಟಿ ಸಿಕ್ಕಿತು. ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡು ಸಿಕ್ಕಿತು. ನನ್ನ ಮದುವೆಯ ಲಗ್ನಪತ್ರಿಕೆ ಹದಿನೇಳು ಉಳಿದಿದ್ದವು. ಹೆಂಡತಿಯ ಹೊಟ್ಟೆ ಕೊಯ್ದ ಕಾಗದ ಮಾತ್ರ ಇರಲಿಲ್ಲ.

"ಸಿಕ್ಕುದ್ರೆ ಏನ್ ಮಾಡೀಯೆ?" ಅಂದ ಅಣ್ಣ. "ವಾಪಸ್ ಇಟ್ಟು ಹೊಲ್ಸೀಯಾ?"

ಆಪರೇಷನ್ ಮಾಡಿದ ಆಸ್ಪತ್ರೆಗಾದರೂ ಹೋಗಿ ಕೇಳೋಣ ಅಂದರೆ ಆಸ್ಪತ್ರೆಯೇ ಇಲ್ಲ. ಡಾಕ್ಟರು ತೀರಿಕೊಂಡು ಎಷ್ಟೋ ವರ್ಷವಾಗಿ ಅಲ್ಲೀಗ ಹಾಸಿಗೆ ದಿಂಬು ಮಾರುತ್ತಾರೆ. ಅವ್ವನಿಗೆ ಸ್ಕ್ಯಾನಿಂಗ್ ಮಾಡಿಸಿದೆ. ಗರ್ಭಕೋಶ ಇಲ್ಲ, ಅಂಡಾಶಯ ಕಾಣುತ್ತಿಲ್ಲ ಅಂತ ಬಂತು. ಅಬ್ಬ, ಗೊತ್ತಾಯಿತಲ್ಲ ಅಂದುಕೊಂಡರೆ ಸ್ಕ್ಯಾನಿಂಗಿನವರು, "ಈ ವಯಸ್ಸಿಗೆ ಅಂಡಾಶಯ ಕುಗ್ಗಿ ಎಷ್ಟೋ ಸಲ ಕಾಣಿಸೋದೇ ಇಲ್ಲ ಮೇಡಂ. ಇದನ್ನ ನೋಡಿ ತೆಗೆದಿದಾರೆ ಅಂತ ಹೇಳಕ್ಕಾಗಲ್ಲ" ಅಂದರು. ಜೀವನದಲ್ಲಿ ಒಂದು ಲೆಕ್ಕವಾದರೂ ಉತ್ತರ ಸಿಕ್ಕಿ ಮುಗಿಯಬಾರದೇ?

ಕೊನೆಗೆ ಹೇಳಿದವಳು ಅವ್ವನೇ. ಹಿತ್ತಿಲಲ್ಲಿ ಅತ್ತಿಗೆ ಅವಳ ತಲೆ ಬಾಚುತ್ತಿದ್ದರು. ನಾನು ಆಸೆಯಿಲ್ಲದೆಯೇ ಕೇಳಿದೆ: "ಅವ್ವ, ನಿಂಗೆ ಆಪ್ರೇಷನ್ ಆಗಿತ್ತಲ್ಲ, ಜ್ಞಾಪಕ ಐತಾ?"

"ಊಂ. ಡಾಕ್ಟ್ರು ತಟ್ಟೇಲಿಟ್ಟು ನಿಮ್ಮಪ್ಪಂಗೆ ತೋರ್ಸುದ್ರಂತೆ. ದೊಡ್ಡದೊಂದು ಚೀಲ. ಅತ್ಲಾಗೊಂದು ಇತ್ಲಾಗೊಂದು ಚಿಕ್ಕವು, ಬಾದಾಮಿ ಕಾಯಂಗೆ. ನಿಮ್ಮಪ್ಪ ನೋಡ್ಬುಟ್ಟು ತಲೆ ತಿರುಗಿ ಬಿದ್ದೋದ್ರು. ಆಸ್ಪತ್ರೆಯೋರು ನನ್ನ ಬುಟ್ಟು ಅವರ್ನ ಉಪಚಾರ ಮಾಡುದ್ರು." ಅವ್ವ ನಕ್ಕಳು. ಒಂದು ಕ್ಷಣ ಅವಳ ಮುಖ ಪೂರ್ತಿ ಅವಳದ್ದೇ ಆಗಿತ್ತು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನಂಗೆ ಇನ್ನೂ ಉಣ್ಣಕೆ ಇಕ್ಕಿಲ್ಲ ಕಣವ್ವ" ಅಂದಳು. ತಟ್ಟೆ ತೊಳೆದಿಟ್ಟು ಕಾಲು ಗಂಟೆಯಾಗಿರಲಿಲ್ಲ.

ಊಟ ಮಾಡಿದ್ದು ನೆನಪಿಲ್ಲದವಳು, ಮೂವತ್ತು ವರ್ಷದ ಹಿಂದೆ ಗಂಡ ಹೇಳಿದ್ದನ್ನು ಹೇಳುತ್ತಾಳೆ. ನಂಬುವುದೋ ಬಿಡುವುದೋ? ನಾನು ನಂಬಿದೆ. ಬಾದಾಮಿ ಕಾಯಿಯಂಥ ಎರಡು ಚಿಕ್ಕವನ್ನು ಅವ್ವ ತಾನಾಗಿ ಕಲ್ಪಿಸಿಕೊಳ್ಳುವುದಕ್ಕೆ ಕಾರಣವಿರಲಿಲ್ಲ.

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಅತ್ತಿಗೆ ಮುದ್ದೆ ತಿರುವುತ್ತಿದ್ದರು, ನಾನು ಹೊಸ್ತಿಲ ಮೇಲೆ ಕೂತು ಭಾಷಣ ಮಾಡುತ್ತಿದ್ದೆ. ಹೆಂಗಸರ ಮೈ ಅಂದರೆ ಇವರಿಗೆ ಅಷ್ಟು ಸಸಾರ, ಕೇಳಲಿಲ್ಲ ಹೇಳಲಿಲ್ಲ ಕಿತ್ತುಹಾಕಿದರು, ಅದರಿಂದಲೇ ಅವ್ವನಿಗೆ ಇವತ್ತು ಈ ಗತಿ, ಅಂಡಾಶಯ ತೆಗೆಸಿದವರಿಗೆಲ್ಲ ಇದೇ ಹಣೆಬರಹ ಅಂತೆಲ್ಲ.

ಅತ್ತಿಗೆ ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟರು.

"ಹಂಗಾರೆ ನಂಗೂ ಆಯ್ತದೆ ಅನ್ನು."

ಹನ್ನೊಂದು ವರ್ಷದ ಹಿಂದೆ, ಅತ್ತಿಗೆಗೆ ಮೂವತ್ನಾಲ್ಕಾಗಿದ್ದಾಗ, ಅವರ ಗರ್ಭಕೋಶವನ್ನೂ ತೆಗೆಸಿದ್ದೆವು. ನನಗೆ ಅದು ಮರೆತಿರಲಿಲ್ಲ. ಆದರೆ ಅವ್ವನ ವಿಷಯಕ್ಕೆ ಅದನ್ನು ಸೇರಿಸಿ ಯೋಚಿಸಿಯೇ ಇರಲಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಹೆದರಿ ಹಿಂದೆಮುಂದೆ ನೋಡುತ್ತಿದ್ದ ಅವರ ಪಕ್ಕ ಆಸ್ಪತ್ರೆಯಲ್ಲಿ ಕೂತು, "ತೆಗೆಸ್ಬುಡಿ ಅತ್ತಿಗೆ, ತಿಂಗಳು ತಿಂಗಳು ಯಾಕೆ ಈ ಗೋಳು" ಅಂತ ಧೈರ್ಯ ಹೇಳಿದವಳು ನಾನೇ. ಓದಿದವಳು ಅಂತ ನನ್ನ ಮಾತು ಕೇಳಿದ್ದರು.

"ನಿಮ್ದು ಬರೀ ಗರ್ಭಕೋಶ ಇರ್ಬೌದು ಅತ್ತಿಗೆ" ಅಂದೆ.

ಅವರು ಒಳಗೆ ಹೋಗಿ ಸೀರೆಗಳ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರು ತಂದು ನನ್ನ ಮಡಿಲಿಗೆ ಹಾಕಿದರು. ಡಿಸ್ಚಾರ್ಜ್ ಚೀಟಿ, ಮಡಿಕೆ ಬಿಡದೆ ಇಟ್ಟಿದ್ದರು. ನಾನು ಓದಿದೆ. ಗರ್ಭಕೋಶ, ಎರಡೂ ಕಡೆಯ ನಾಳ, ಎರಡೂ ಅಂಡಾಶಯ.

"ಏನೈತೆ?"

"ಎಲ್ಲಾ ತೆಗ್ದವ್ರೆ."

"ಆಗ್ಲೇ ಓದಿ ಹೇಳ್ಬೇಕಾಗಿತ್ತು ನೀನು" ಅಂದರು ಅತ್ತಿಗೆ. ಕೂಗಲಿಲ್ಲ. "ಅತ್ತೆದು ಉಚ್ಚೆ ಬಟ್ಟೆ ಒಗೆಯೋಳು ನಾನು. ದಿನಾ ನೋಡ್ತಾ ಇವ್ನಿ. ನಂಗೆ ಹಿಂಗಾದ್ರೆ ನನ್ನ ಬಟ್ಟೆ ಯಾರ್ ಒಗ್ದಾರು? ನೀ ಬಂದು ಒಗ್ದೀಯಾ?"

ಮುದ್ದೆ ತಳ ಹಿಡಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಕನಕಪುರದಲ್ಲಿ ಒಬ್ಬರು ಹಿರಿಯ ಡಾಕ್ಟರಮ್ಮ ಇದ್ದಾರೆ, ಕೂರಿಸಿಕೊಂಡು ಮಾತಾಡುತ್ತಾರೆ ಅಂತ ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಹೇಳಿದ್ದರು. ಮುಂದಿನ ವಾರವೇ ಅತ್ತಿಗೆಯನ್ನು ಅಲ್ಲಿಗೆ ಕರೆದುಕೊಂಡು ಹೊರಟೆ. ಹೊರಡುವುದೇ ದೊಡ್ಡ ರಂಪ. ಅಣ್ಣ, "ಚೆನ್ನಾಗೇ ಅವಳಲ್ಲ, ಇವಳಿಗ್ಯಾಕೆ ಡಾಕ್ಟ್ರು? ನೀ ಬಂದು ಬಂದು ಇಲ್ದಿರೋ ರೋಗ ತಲೆಗೆ ತುಂಬ್ತಿದ್ದೀಯ" ಅಂದ. "ಒಂದು ದಿನ ಅವ್ವನ್ನ ನೋಡ್ಕೊ, ಆಮೇಲೆ ಮಾತಾಡು" ಅಂದೆ. ನಾವು ಬಸ್ಸು ಹತ್ತಿದ ಮೇಲೆ ಅವನು ಹನ್ನೊಂದು ಸಲ ಫೋನು ಮಾಡಿದ: ಅವ್ವನ ಹಲ್ಲಿನ ಸೆಟ್ಟು ಎಲ್ಲಿದೆ, ಅವ್ವ ಸೀರೆ ಬಿಚ್ಚಿಕೊಂಡು ಕೂತಿದ್ದಾಳೆ ಏನು ಮಾಡಲಿ, ಅವ್ವ ನನ್ನನ್ನು ಒಳಗೆ ಬಿಡುತ್ತಿಲ್ಲ. ಐದನೇ ಸಲಕ್ಕೆ ಅತ್ತಿಗೆ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದರು.

ಡಾಕ್ಟರಮ್ಮ ಚೀಟಿ ಓದಿದರು. ಅತ್ತಿಗೆಗೆ ಏನೇನಾಗುತ್ತದೆ ಕೇಳಿದರು. ಅತ್ತಿಗೆ ಹೇಳತೊಡಗಿದಾಗ ನಾನು ಬೆರಗಾದೆ. ಮೈ ಉರಿ. ನಿದ್ದೆ ಇಲ್ಲ. ಮೊಣಕಾಲು ಹಿಡಿತ. ಹುಳಕ್ಕೆ ಸೊಪ್ಪು ಕೊಯ್ಯಲು ಹೋಗಿ ಏನಕ್ಕೆ ಬಂದೆ ಅಂತ ನಿಂತುಬಿಡುವುದು. ಹನ್ನೊಂದು ವರ್ಷದಿಂದ ಒಬ್ಬರಿಗೂ ಹೇಳಿರಲಿಲ್ಲ. ಕೊನೆಗೆ ಕೇಳಿದರು: "ನಮ್ಮತ್ತೆ ಥರ ನಂಗೂ ಆಯ್ತದಾ ಡಾಕ್ಟ್ರೇ? ಮುಚ್ಚಿಡ್ದೆ ಯೋಳಿ."

"ಖಂಡಿತ ಆಗುತ್ತೆ ಅಂತ ನಾನಲ್ಲ, ಯಾರೂ ಹೇಳಕ್ಕಾಗಲ್ಲ" ಅಂದರು ಅವರು. "ಇಷ್ಟು ಬೇಗ ಅಂಡಾಶಯ ತೆಗೆದವರಲ್ಲಿ ಅಪಾಯ ಒಂದಷ್ಟು ಹೆಚ್ಚು. ಅಷ್ಟೇ. ತೆಗೆಸಿದ ಎಷ್ಟೋ ಜನ ಕೊನೇವರೆಗೂ ಚುರುಕಾಗೇ ಇರ್ತಾರೆ, ತೆಗೆಸದೇ ಇದ್ದವರಿಗೂ ಮರೆವು ಬರುತ್ತೆ. ನಿಮ್ಮ ಅತ್ತೆಗೆ ಇದೇ ಕಾರಣ ಅಂತಾನೂ ಹೇಳಲ್ಲ." ಹಾಗೆ ಹೇಳುವಾಗ ನನ್ನ ಕಡೆ ನೋಡಿದರು.

"ತೆಗ್ದಾಗ್ಲೇ ಹಾರ್ಮೋನು ಮಾತ್ರೆ ಕೊಟ್ಟಿದ್ರೆ?" ಅಂದೆ ನಾನು.

"ತೆಗೆದ ಮೇಲೆ ಹಾರ್ಮೋನು ಹೊರಗಿಂದ ಕೊಡಬೇಕಾಗಿತ್ತು, ಐವತ್ತರ ಹತ್ತಿರದವರೆಗೆ, ಕೊಡಬಾರದು ಅನ್ನೋ ಕಾರಣ ಏನೂ ಇಲ್ಲದಿದ್ದರೆ. ಮೂಳೆಗೆ, ಹೃದಯಕ್ಕೆ ಒಳ್ಳೇದು. ಮೆದುಳಿಗೂ ಒಳ್ಳೇದಿರಬಹುದು, ಆದರೆ ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ."

"ಹಂಗಾರೆ ಅವ್ವಂಗೆ ಈಗ ಕೊಡೋಕೆ?"

"ಬೇಡ. ಅಷ್ಟು ವಯಸ್ಸಾದ ಮೇಲೆ ಶುರು ಮಾಡಿದರೆ ಉಪಯೋಗವಿಲ್ಲ, ಕೆಡುಕೇ ಆಗಬಹುದು."

ಎರಡು ಮಾತಿನಲ್ಲಿ ಮುಗಿಯಿತು. ಸಿಟ್ಟಿಗೆ ಒಂದು ಗುರಿ ಬೇಕಾಗಿತ್ತು ನನಗೆ. ಯಾರೋ ಒಬ್ಬರು "ಹೌದು, ಅದರಿಂದಲೇ" ಅನ್ನಲಿ ಅಂತ ಕಾದಿದ್ದೆ. ಪ್ರಾಮಾಣಿಕರು ಸಿಕ್ಕರೆ ಅದೂ ದಕ್ಕುವುದಿಲ್ಲ.

ಅತ್ತಿಗೆಗೆ ರಕ್ತ, ಮೂಳೆ, ಸ್ತನದ ಪರೀಕ್ಷೆ ಎಲ್ಲಾ ಆಯಿತು. ಬಿಪಿ ಜಾಸ್ತಿ ಇತ್ತು, ಅದೂ ಗೊತ್ತಿರಲಿಲ್ಲ. ಅದಕ್ಕೆ ಮಾತ್ರೆ, ತೋಳಿಗೆ ದಿನಾ ಹಚ್ಚಿಕೊಳ್ಳುವ ಹಾರ್ಮೋನಿನ ಜೆಲ್ಲು. ಬಿಪಿ, ಸಕ್ಕರೆ ಹಿಡಿತದಲ್ಲಿಟ್ಟುಕೊಳ್ಳಿ, ನಡೀರಿ, ಜನರ ಜೊತೆ ಬೆರೀರಿ, ಮರೆವಿಗೆ ಇವೂ ಅಷ್ಟೇ ಮುಖ್ಯ ಅಂದರು. ಅತ್ತಿಗೆ, "ನಡೆಯೋದೇನು ಡಾಕ್ಟ್ರೇ, ನಾ ಕೂರೋದೇ ಇಲ್ವಲ್ಲ" ಅಂದರು.

ಹೊರಡುವಾಗ ನನ್ನ ರಿಪೋರ್ಟನ್ನೂ ತೋರಿಸಿದೆ. ಮೊದಲು ಔಷಧಿ ನೋಡೋಣ ಅಂದರು. ನಾಲ್ಕು ತಿಂಗಳು ನೋಡಿ, ಗಡ್ಡೆ ಬಗ್ಗದೆ, ಕೊನೆಗೆ ಗರ್ಭಕೋಶ ತೆಗೆಸಲೇಬೇಕಾಯಿತು. ಅಂಡಾಶಯ ಎರಡನ್ನೂ ಉಳಿಸುತ್ತೇನೆ ಅಂತ ಅವರು ಮೊದಲೇ ಮಾತು ಕೊಟ್ಟಿದ್ದರು. ಆದರೂ ಆಪರೇಷನ್ ದಿನ ಬೆಳಿಗ್ಗೆ ನರ್ಸು ಸಹಿಗೆ ತಂದ ಅಚ್ಚಾದ ಫಾರಮಿನಲ್ಲಿ, ಅಗತ್ಯ ಕಂಡರೆ ಅಂಡಾಶಯ ಸಹಿತ ಅನ್ನುವ ಸಾಲಿತ್ತು. ಪೆನ್ನು ಕೇಳಿ ಆ ಸಾಲನ್ನು ಹೊಡೆದುಹಾಕಿದೆ. ನರ್ಸಿಗೆ ಗಾಬರಿ. "ಮೇಡಂ, ಫಾರಮ್ ಹಾಳು ಮಾಡ್ಬಾರ್ದು!" ಡಾಕ್ಟರಮ್ಮನೇ ಬಂದರು. ಒಳಗೆ ಕ್ಯಾನ್ಸರಿನಂಥದ್ದು ಕಂಡರೆ ಮಾತ್ರ ತೆಗೆಯುತ್ತೇನೆ ಅಂತ ಕೈಯಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ನಮ್ಮನೆಯವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದರು. ಈ ಸಲ ನಗಲಿಲ್ಲ. ಎಚ್ಚರವಾದಾಗ ನಾನು ಕೇಳುವ ಮುಂಚೆಯೇ, "ಎರಡೂ ಅವೆ ಕಣೆ, ಕೇಳ್ಕೊಂಡು ಬಂದೆ" ಅಂದರು.

ಅತ್ತಿಗೆಗೆ ನಿದ್ದೆ ಬರತೊಡಗಿತು. ಮೈ ಉರಿ ಇಳಿಯಿತು. ಹುಳದ ಮನೆಗೆ ಕೂಲಿಗೆ ಬರುವ ಹೆಂಗಸರಿಗೆಲ್ಲ ಈಗ ಅವರೇ ಪಾಠ: "ಗರ್ಭಕೋಶ ತೆಗೀತೀವಿ ಅಂದ್ರೆ ಮೊಟ್ಟೆ ಚೀಲ ಯಾಕೆ ತೆಗೀತೀರ ಅಂತ ಕೇಳಿ. ಕೇಳಕೆ ಬಾಯಿಲ್ವಾ?" ಅಂತ. ಕೂಟಗಲ್ ಕಡೆಯ ಅವರ ನೆಂಟರ ಪೈಕಿ ಒಬ್ಬಳು ಹಾಗೇ ಕೇಳಿ, ಯಾರು ನಿನಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಅಂತ ಬೈಸಿಕೊಂಡು, ಬೇರೆ ಡಾಕ್ಟರ ಹತ್ತಿರ ಹೋದಳಂತೆ. ಇದನ್ನು ಹೇಳುವಾಗ ಅತ್ತಿಗೆಯ ದನಿಯಲ್ಲಿ ಹೆಮ್ಮೆಯಿತ್ತು.

ಅವ್ವನಿಗೆ ಮಾತ್ರ ಏನೂ ಸುಧಾರಿಸಲಿಲ್ಲ. ನನ್ನನ್ನು ಈಗ ಸರ್ಕಾರದವರು ಅಂದುಕೊಂಡಿದ್ದಾಳೆ. ಹೋದಾಗಲೆಲ್ಲ ಎದ್ದು ನಿಂತು ಕುರ್ಚಿ ಕೊಡುತ್ತಾಳೆ. ಭಾನುವಾರಗಳಲ್ಲಿ ನಾನೇ ಅವಳಿಗೆ ಸ್ನಾನ ಮಾಡಿಸಿ ಬಟ್ಟೆ ಒಗೆಯುತ್ತೇನೆ. ಬುಧವಾರ ಅಣ್ಣನ ಸರದಿ. ಗೊಣಗುತ್ತಲೇ ಮಾಡುತ್ತಾನೆ, ಅತ್ತಿಗೆ ಆ ದಿನ ಚನ್ನಪಟ್ಟಣದಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿ ಬರುತ್ತಾರೆ.

ಅವರ ಹೆದರಿಕೆ ಮಾತ್ರ ಯಾವ ಜೆಲ್ಲಿಗೂ ಇಳಿದಿಲ್ಲ. ಮೊನ್ನೆ ನಾನು ಕ್ಲಾಸಿನಲ್ಲಿದ್ದಾಗ ಎರಡು ಸಲ ಫೋನು ಬಂತು. ಮೂರನೇ ಸಲಕ್ಕೆ ಗಾಬರಿಯಿಂದ ವರಾಂಡಕ್ಕೆ ಬಂದು ಎತ್ತಿದೆ.

"ಅಕ್ಕಿ ತೊಳ್ದು ಕುಕ್ಕರ್‌ಗೆ ಹಾಕ್ದೆ ಕಣಮ್ಮಿ, ನೀರೇ ಹಾಕಿಲ್ಲ. ಶುರುವಾಯ್ತು ಅನ್ಸ್ತದೆ."

"ಅತ್ತಿಗೆ, ಹೋದ ವಾರ ನಾನು ಇಡೀ ಕ್ಲಾಸಿಗೆ ತಪ್ಪು ಲೆಕ್ಕ ಬರೆಸಿದೀನಿ. ಅಕ್ಕಿಗೆ ನೀರು ಹಾಕೋದು ಎಲ್ರೂ ಮರೀತಾರೆ. ಇದಕ್ಕೆ ಮೂರು ಸಲ ಫೋನ್ ಮಾಡ್ತಾರಾ?"

"ನಿಂಗೆ ಎರಡೂ ಅವೆ, ನೀ ಮರೆತ್ರೆ ಅದು ಬೇರೆ" ಅಂದರು.

ಒಳಗೆ ಮಕ್ಕಳು ಗಲಾಟೆ ಶುರು ಮಾಡಿದ್ದರು. "ಈಗ ನೀರು ಹಾಕುದ್ರಾ?" ಅಂದೆ.

"ಹಾಕ್ದೆ."

"ಎಷ್ಟು?"

"ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ."

"ಸರಿಯಾಗೈತೆ. ಒಲೆ ಹಚ್ಚಿ" ಅಂದೆ. ಅವರು ಹಚ್ಚಿದ ಮೇಲೂ ಫೋನು ಇಡಲಿಲ್ಲ. ನಾನೂ ಇಡಲಿಲ್ಲ.